ಇಂಧನ ಉಳಿತಾಯಕ್ಕೆ ಸಾಲ: ಜಾಮೀನು ನಿಲ್ಲುವವರು ಯಾರು?

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

ಜಾಮೀನು ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಪೊಲೀಸ್ ಠಾಣೆ ಮತ್ತು ಕೋರ್ಟು. ತರಗತಿಯಲ್ಲಿ ಬ್ಯಾಂಕ್ ಸಾಲದ ಪಾಠ ನಡೆಯುವಾಗ ಉಪನ್ಯಾಸಕರು ಈ ಪದ ಬಳಸಿದರೆ ಹಿಂದಿನ ಬೆಂಚಿನಲ್ಲಿ ನಗು ಕೇಳಿಸಿತು. ನನಗೆ ನಗು ಬರಲಿಲ್ಲ. ಉರ್ದುವಿನಲ್ಲಿ ಇನ್ನೊಬ್ಬರ ಸಾಲಕ್ಕೆ ಹೊಣೆ ನಿಲ್ಲುವವನನ್ನು ಜಾಮಿನ್ ಎನ್ನುತ್ತೇವೆ, ಆ ಹೊಣೆಗೆ ಜಮಾನತ್. ಕನ್ನಡದ ಜಾಮೀನು ಅಲ್ಲಿಂದಲೇ ಬಂದದ್ದು. ನಮ್ಮ ಚಾಚಾ ಒಮ್ಮೆ ಪರಿಚಯದವರೊಬ್ಬರ ಸಾಲಕ್ಕೆ ಜಾಮೀನು ನಿಂತು, ಅವರು ಊರು ಬಿಟ್ಟ ಮೇಲೆ ಎರಡು ವರ್ಷ ಆ ಕಂತುಗಳನ್ನು ತಾವೇ ಕಟ್ಟಿದರು. ಅಂದಿನಿಂದ ಯಾರಾದರೂ ಕಾಗದ ಹಿಡಿದು ಮನೆಗೆ ಬಂದರೆ ನಮ್ಮ ದಾದಿ ಮೊದಲು ಚಹಾ ಕೊಡುತ್ತಾರೆ, ಆಮೇಲೆ "ಸಹಿ ಮಾತ್ರ ಕೇಳಬೇಡಿ" ಎನ್ನುತ್ತಾರೆ.

ದಾದಿಯ ಭಯ ನ್ಯಾಯವಾದದ್ದೇ. ಆದರೆ ಅಕ್ಕಪಕ್ಕದವರ ಬದಲು ಒಂದು ನಿಧಿ, ಒಂದು ಸಂಸ್ಥೆ ಜಾಮೀನು ನಿಂತರೆ ಏನಾಗುತ್ತದೆ? ಅದರಲ್ಲೂ ಸೌದೆ, ಕಲ್ಲಿದ್ದಲು, ವಿದ್ಯುತ್ ಉಳಿಸುವ ಯಂತ್ರ ಹಾಕಿಸಲು ಕೇಳುವ ಸಾಲಕ್ಕೆ? ಈ ಲೇಖನ ಅದರ ಬಗ್ಗೆ.

ನಮ್ಮದು ರಾಮನಗರ. ಅಬ್ಬಾ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡಿಸುತ್ತಾರೆ. ಸಣ್ಣ ಫಿಲೇಚರ್. ಮಾರುಕಟ್ಟೆಯಿಂದ ಗೂಡು ತಂದು ಬೇಯಿಸಿ, ಬಿಸಿನೀರಿನ ಬೇಸಿನ್‌ಗಳಲ್ಲಿ ಎಳೆ ಹಿಡಿದು ಸುತ್ತುವುದು. ಬೆಳಗಿನ ಜಾವ ಬಾಯ್ಲರ್‌ಗೆ ಬೆಂಕಿ ಹಾಕಿದರೆ ಸಂಜೆವರೆಗೆ ಸೌದೆ ಉರಿಯುತ್ತಲೇ ಇರಬೇಕು. ಚಿಮಣಿಯಿಂದ ಹೊರಗೆ ಹೋಗುವ ಹೊಗೆಯಲ್ಲೇ ಎಷ್ಟೋ ಶಾಖ ಹೋಗಿಬಿಡುತ್ತದೆ. ಆ ಶಾಖವನ್ನು ಹಿಡಿದು ಬಾಯ್ಲರ್‌ಗೆ ಹೋಗುವ ನೀರನ್ನು ಮೊದಲೇ ಕಾಯಿಸುವ, ಒಲೆಯ ಗೂಡನ್ನು ಸರಿಯಾಗಿ ಕಟ್ಟುವ, ಪೈಪುಗಳಿಗೆ ಶಾಖ ಸೋರದಂತೆ ಹೊದಿಕೆ ಹಾಕುವ ಕೆಲಸ ಮಾಡಿಸಿದರೆ ಸೌದೆ ಉಳಿಯುತ್ತದೆ. ಇದು ಹೊಸ ವಿಜ್ಞಾನವೇನೂ ಅಲ್ಲ, ಮಾಡಿಸಿದವರೂ ಇದ್ದಾರೆ. ಅಬ್ಬಾ ಬ್ಯಾಂಕಿಗೆ ಹೋಗಿ ಸಾಲ ಕೇಳಿದರು. ಮನೆಯ ಪತ್ರ ತನ್ನಿ ಎಂದರು. ಮನೆ ಇನ್ನೂ ದಾದಾ ಅವರ ಹೆಸರಿನಲ್ಲಿದೆ, ನಾಲ್ಕು ಮಕ್ಕಳಿಗೆ ಭಾಗವಾಗಿಲ್ಲ. ಹಾಗಾದರೆ ಸಂಬಳದ ನೌಕರಿಯಲ್ಲಿರುವ ಇಬ್ಬರನ್ನು ಜಾಮೀನಿಗೆ ಕರೆತನ್ನಿ ಎಂದರು. ಅಬ್ಬಾ ಮನೆಗೆ ಬಂದು ದಾದಿಯ ಮುಖ ನೋಡಿದರು, ಅಷ್ಟೇ.

ಈಗ ಲೆಕ್ಕ ನೋಡೋಣ. ಕೂಡಿ ಕಳೆಯಲು ಸುಲಭವಾಗಲೆಂದು ಅಂಕಿಗಳನ್ನು ನಾನೇ ದುಂಡಗೆ ಮಾಡಿಕೊಂಡಿದ್ದೇನೆ. ಒಟ್ಟು ಖರ್ಚು 6,00,000 ರೂಪಾಯಿ ಎನ್ನಿ. ಶೇ. 20 ಸ್ವಂತ ಹಣ, ಉಳಿದ 4,80,000 ಸಾಲ. ಬಡ್ಡಿ ವರ್ಷಕ್ಕೆ ಶೇ. 12, ಅವಧಿ 36 ತಿಂಗಳು. ಆಗ ತಿಂಗಳ ಕಂತು ಸುಮಾರು 15,940 ರೂಪಾಯಿ ಬರುತ್ತದೆ. ಸೌದೆಯಲ್ಲಿ ತಿಂಗಳಿಗೆ 18,000 ಉಳಿಯುತ್ತದೆ ಎಂದುಕೊಂಡರೆ, ಕಂತು ಕಟ್ಟಿದ ಮೇಲೂ ಕೈಯಲ್ಲಿ 2,060 ಇರುತ್ತದೆ. ಮೂರು ವರ್ಷದ ನಂತರ ಉಳಿತಾಯವೆಲ್ಲ ನಮ್ಮದೇ. ಸಾಲ ತೀರಿಸಲು ಒಂದು ಗೂಡನ್ನೂ ಹೆಚ್ಚಿಗೆ ಬೇಯಿಸಬೇಕಿಲ್ಲ, ಒಂದು ಕೆಜಿ ನೂಲನ್ನೂ ಹೆಚ್ಚಿಗೆ ಮಾರಬೇಕಿಲ್ಲ. ಸುಡದ ಸೌದೆಯೇ ಕಂತು ಕಟ್ಟುತ್ತದೆ.

ಇಷ್ಟು ಒಳ್ಳೆಯ ಲೆಕ್ಕವಿದ್ದರೂ ಬ್ಯಾಂಕು ಏಕೆ ಹಿಂಜರಿಯುತ್ತದೆ? ಮೊದಲು ನನಗೆ ಇದು ಬರೀ ಹಟ ಅನಿಸಿತ್ತು. ಮ್ಯಾನೇಜರ್ ಕುರ್ಚಿಯಲ್ಲಿ ಕುಳಿತು ಯೋಚಿಸಿದರೆ ಬೇರೆ ಚಿತ್ರ ಕಾಣುತ್ತದೆ.

ಉಳಿತಾಯ ಎನ್ನುವುದು ಯಾವ ಲೆಜರ್‌ನಲ್ಲೂ ಆದಾಯವಾಗಿ ಕಾಣುವುದಿಲ್ಲ. ಹೊಸ ಮಗ್ಗ ತಂದರೆ ಹೆಚ್ಚು ಬಟ್ಟೆ, ಹೆಚ್ಚು ಮಾರಾಟ, ಅದರ ಬಿಲ್ಲು ತೋರಿಸಬಹುದು. ಸೌದೆ ಉಳಿಯಿತು ಎಂದರೆ "ಮೊದಲು ಎಷ್ಟು ಸುಡುತ್ತಿದ್ದಿರಿ?" ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ನಮ್ಮಂಥವರ ಬಳಿ ಬರೆದಿಟ್ಟ ದಾಖಲೆ ಇರುವುದಿಲ್ಲ. (ನಾನು ಹುಡುಕಿದೆ. ಸೌದೆ ಮಂಡಿಯ ಚೀಟಿಗಳು ಒಂದು ಬಿಸ್ಕತ್ ಡಬ್ಬಿಯಲ್ಲಿ ಸಿಕ್ಕವು, ಅದೂ ಏಳು ತಿಂಗಳದ್ದು ಮಾತ್ರ.) ಇನ್ನೊಂದು ಕಾರಣ, ಇಂಥ ಯಂತ್ರವನ್ನು ಜಪ್ತಿ ಮಾಡಿದರೂ ಪ್ರಯೋಜನವಿಲ್ಲ. ಸಾಲ ತೀರದಿದ್ದರೆ ಆಟೋವನ್ನು ಎಳೆದುಕೊಂಡು ಹೋಗಿ ಮಾರಬಹುದು. ಗೋಡೆಗೆ ಕಟ್ಟಿದ ಒಲೆಯನ್ನು, ಪೈಪಿನ ಹೊದಿಕೆಯನ್ನು ಬಿಚ್ಚಿ ಯಾರಿಗೆ ಮಾರುವುದು? ಜೊತೆಗೆ ಸಾಲ ಚಿಕ್ಕದು, ಪರಿಶೀಲನೆಯ ಕೆಲಸ ಮಾತ್ರ ದೊಡ್ಡ ಸಾಲದಷ್ಟೇ. ಕೊನೆಗೆ, ಕಂತು 90 ದಿನ ಬಾಕಿಯಾದರೆ ಅದು ಎನ್‌ಪಿಎ ಆಗುತ್ತದೆ, ಸಾಲ ಕೊಟ್ಟ ಅಧಿಕಾರಿ ಉತ್ತರ ಹೇಳಬೇಕು. ಕೊಡದೆ ಬಿಟ್ಟ ಒಳ್ಳೆಯ ಸಾಲಕ್ಕೆ ಮಾತ್ರ ಯಾರೂ ಅವರನ್ನು ಪ್ರಶ್ನಿಸುವುದಿಲ್ಲ.

ಅಂದರೆ ಇಲ್ಲಿ ಹಣದ ಕೊರತೆಯಿಲ್ಲ. ಬ್ಯಾಂಕಿನಲ್ಲಿ ಠೇವಣಿ ಇದೆ, ಫಿಲೇಚರ್‌ನಲ್ಲಿ ಉಳಿತಾಯ ಇದೆ, ನಡುವೆ ಭಯ ಇದೆ. ಸಾಲ ಖಾತರಿ ಎಂಬುದು ಆ ಭಯದ ಒಂದು ಪಾಲನ್ನು ಕೊಂಡುಕೊಳ್ಳುವ ವ್ಯವಸ್ಥೆ.

ಕಾನೂನಿನ ಪ್ರಕಾರ ಇದರ ಸ್ವರೂಪ ಏನೆಂದು ಸ್ವಲ್ಪ ತಿಳಿಯೋಣ. ಪದವಿಗೆ ಹೋದ ಮೇಲೆ ನಾವು ಓದಲಿರುವ 1872ರ ಭಾರತೀಯ ಕರಾರು ಕಾಯಿದೆಯ 126ನೇ ಕಲಂ ಖಾತರಿ ಕರಾರನ್ನು ವಿವರಿಸುತ್ತದೆ. ಅದರಲ್ಲಿ ಮೂವರು ಇರುತ್ತಾರೆ: ಸಾಲ ಕೊಟ್ಟವರು, ಮೂಲ ಸಾಲಗಾರರು, ಜಾಮೀನುದಾರರು. 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಹೇಳಿಲ್ಲದಿದ್ದರೆ, ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ಇರುತ್ತದೆ. ನಮ್ಮ ಚಾಚಾ ಸಿಕ್ಕಿಬಿದ್ದದ್ದು ಇದರಲ್ಲೇ. "ಅರ್ಧಕ್ಕೆ ಮಾತ್ರ ನಾನು" ಎಂದು ಅವರು ಬರೆಸಿರಲಿಲ್ಲ. ಜಾಮೀನುದಾರರು ಹಣ ಕಟ್ಟಿದ ಮೇಲೆ ಸಾಲ ಕೊಟ್ಟವರ ಹಕ್ಕು ಅವರಿಗೆ ಬರುತ್ತದೆ, ಇದು 140ನೇ ಕಲಂ. ಆದ್ದರಿಂದ ಖಾತರಿ ಬೇರೆ, ಸಾಲ ಮನ್ನಾ ಬೇರೆ. ಖಾತರಿ ಸಂಸ್ಥೆ ಬ್ಯಾಂಕಿಗೆ ಹಣ ಕೊಟ್ಟರೂ ಸಾಲಗಾರನ ಸಾಲ ಅಳಿಸಿಹೋಗುವುದಿಲ್ಲ. ಈ ತಪ್ಪು ತಿಳಿವಳಿಕೆ ನಮ್ಮ ಮೊಹಲ್ಲಾದಲ್ಲಿ ಬಹಳ ಇದೆ, ನನಗೂ ಇತ್ತು.

ಇಂಧನ ಯೋಜನೆಗಳ ಖಾತರಿಯಲ್ಲಿ ಸಾಮಾನ್ಯವಾಗಿ ಪೂರ್ತಿ ಹೊಣೆ ಹೊರುವುದಿಲ್ಲ, ಒಂದು ಭಾಗ ಮಾತ್ರ. ಅದಕ್ಕೆ ಕಾರಣವಿದೆ. ನೂರಕ್ಕೆ ನೂರು ಹೊಣೆ ಬೇರೆಯವರದಾದರೆ ಬ್ಯಾಂಕು ಅರ್ಜಿಯನ್ನು ಓದುವ ಗೋಜಿಗೇ ಹೋಗದು. ತನ್ನ ಹಣವೂ ಸ್ವಲ್ಪ ಸಿಕ್ಕಿಕೊಂಡಿದ್ದರೆ ಮಾತ್ರ ಅದು ಸಾಲಗಾರನನ್ನು ನೋಡಿ, ಯಂತ್ರವನ್ನು ನೋಡಿ, ಕಂತು ತಪ್ಪಿದಾಗ ಬಂದು ಕೇಳುತ್ತದೆ.

ಮೇಲಿನ ಲೆಕ್ಕವನ್ನೇ ಬ್ಯಾಂಕಿನ ಕಡೆಯಿಂದ ಮಾಡೋಣ. ನಮ್ಮಂಥ 100 ರೀಲರ್‌ಗಳಿಗೆ ತಲಾ 4,80,000 ಕೊಟ್ಟರೆ ಒಟ್ಟು 4.80 ಕೋಟಿ. ಠೇವಣಿಯ ಬಡ್ಡಿ, ಸಿಬ್ಬಂದಿ ಖರ್ಚು ಎಲ್ಲ ಕಳೆದು ಬ್ಯಾಂಕಿಗೆ ಉಳಿಯುವುದು ಶೇ. 2 ಎಂದುಕೊಂಡರೆ, ಅಸಲು ತಿಂಗಳು ತಿಂಗಳು ಇಳಿಯುವುದರಿಂದ, ಮೂರು ವರ್ಷಕ್ಕೆ ಸೇರಿ ಸುಮಾರು 15.6 ಲಕ್ಷ ಲಾಭ. ನೂರರಲ್ಲಿ ಐವರು ಒಂದು ಕಂತೂ ಕಟ್ಟಲಿಲ್ಲ ಎನ್ನಿ. 24 ಲಕ್ಷ ಅಸಲು ಹೋಯಿತು. ಉಳಿದ 95 ಜನ ಎಷ್ಟೇ ಪ್ರಾಮಾಣಿಕರಾಗಿದ್ದರೂ ಬ್ಯಾಂಕಿಗೆ ನಷ್ಟವೇ. ಈಗ ಶೇ. 75 ಖಾತರಿ ಇದೆ ಎಂದುಕೊಳ್ಳಿ. 24 ಲಕ್ಷದಲ್ಲಿ 18 ಲಕ್ಷ ಖಾತರಿ ನಿಧಿ ಕೊಡುತ್ತದೆ, ಬ್ಯಾಂಕಿನ ನಷ್ಟ 6 ಲಕ್ಷ. ಖಾತರಿಯ ಶುಲ್ಕ ಕಟ್ಟಿದ ಮೇಲೂ ಲಾಭ ಉಳಿಯುತ್ತದೆ. ನಿಧಿ 4.80 ಕೋಟಿಯನ್ನು ಕೈಯಿಂದ ಕೊಡಲಿಲ್ಲ, ಕೊಟ್ಟದ್ದು 18 ಲಕ್ಷ, ಅದೂ ಐವರು ತಪ್ಪಿದ್ದರಿಂದ. ಅದೇ ಹಣವನ್ನು ಸಬ್ಸಿಡಿ ಎಂದು ಹಂಚಿದ್ದರೆ ನಾಲ್ಕು ಮನೆಗೂ ಸಾಲುತ್ತಿರಲಿಲ್ಲ.

ಇದು ಕಾಗದದ ಮೇಲಿನ ಲೆಕ್ಕ. ನಿಜವಾಗಿ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಚೀನಾದಲ್ಲಿ. ವಿಶ್ವ ಬ್ಯಾಂಕ್ ಸಮೂಹದ ಅಂತರರಾಷ್ಟ್ರೀಯ ಹಣಕಾಸು ನಿಗಮ, ಅಂದರೆ ಐಎಫ್‌ಸಿ, 2006ರಲ್ಲಿ ಅಲ್ಲಿ ಚೂಯೀ ಎಂಬ ಸಂಕ್ಷಿಪ್ತ ಹೆಸರಿನ ಕಾರ್ಯಕ್ರಮ ಆರಂಭಿಸಿತು. ಅದಕ್ಕೂ ಮೊದಲು 1997ರಿಂದ ಹಂಗೇರಿಯಲ್ಲಿ ಜಾಗತಿಕ ಪರಿಸರ ಸೌಲಭ್ಯ ನಿಧಿಯ ಹಣದೊಂದಿಗೆ ಇಂಥದ್ದೇ ಪ್ರಯೋಗ ಮಾಡಿತ್ತು. ಅಲ್ಲಿ ಖಾತರಿಯ ಹಣ ಕೊಡಬೇಕಾದ ಸಂದರ್ಭ ಬಹಳ ವಿರಳವಾಗಿತ್ತು. ಆ ಧೈರ್ಯದಿಂದಲೇ ಚೀನಾಕ್ಕೆ ಬಂದಿತು.

ಚೀನಾದಲ್ಲಿ ಮೊದಲು ಕೈಜೋಡಿಸಿದ್ದು ಫೂಚೌ ನಗರದ ಇಂಡಸ್ಟ್ರಿಯಲ್ ಬ್ಯಾಂಕ್. ಒಪ್ಪಂದದ ಬುದ್ಧಿವಂತಿಕೆ ನೋಡಿ: ಒಂದೊಂದೇ ಸಾಲಕ್ಕೆ ಖಾತರಿ ಬರೆಯುವ ಬದಲು ಸಾಲಗಳ ಇಡೀ ಗುಂಪನ್ನು ಒಟ್ಟಿಗೆ ತೆಗೆದುಕೊಂಡರು. ಗುಂಪಿನಲ್ಲಿ ಮೊದಲ ಶೇ. 10ರಷ್ಟು ನಷ್ಟವಾದರೆ ಅದರಲ್ಲಿ ಶೇ. 75 ಐಎಫ್‌ಸಿಯದು, 25 ಬ್ಯಾಂಕಿನದು. ಅದನ್ನು ಮೀರಿದ ನಷ್ಟದಲ್ಲಿ ಐಎಫ್‌ಸಿಯದು ಶೇ. 40, ಬ್ಯಾಂಕಿನದು 60. ಉದಾಹರಣೆಗೆ 100 ಕೋಟಿ ಸಾಲದಲ್ಲಿ 4 ಕೋಟಿ ಮುಳುಗಿದರೆ ಐಎಫ್‌ಸಿ 3 ಕೋಟಿ, ಬ್ಯಾಂಕು 1 ಕೋಟಿ. 30 ಕೋಟಿ ಮುಳುಗಿದರೆ ಐಎಫ್‌ಸಿ 7.5 ಮತ್ತು 8 ಸೇರಿ 15.5 ಕೋಟಿ, ಬ್ಯಾಂಕು 14.5 ಕೋಟಿ. ಹೊಸಬರ ಭಯ ಸಾಮಾನ್ಯವಾಗಿ ಮೊದಲ ಪೆಟ್ಟಿನ ಬಗ್ಗೆ ಇರುತ್ತದೆ, ಅಲ್ಲಿ ಖಾತರಿ ಹೆಚ್ಚು. ನಷ್ಟ ವಿಪರೀತವಾದರೆ ಅದು ಬ್ಯಾಂಕಿನ ಅಜಾಗರೂಕತೆ ಎಂದು ತಿಳಿದು ಅಲ್ಲಿ ಖಾತರಿ ಕಡಿಮೆ. ಈ ಎರಡು ಮೆಟ್ಟಿಲ ಲೆಕ್ಕವನ್ನು ನಾನು ಮೂರು ಸಲ ಬರೆದು ನೋಡಿದ ಮೇಲೆ ಅರ್ಥವಾಯಿತು, ನೀವೂ ಪೆನ್ನು ಹಿಡಿದು ನೋಡಿ.

2009ರ ಮಧ್ಯದ ಹೊತ್ತಿಗೆ ಈ ಕಾರ್ಯಕ್ರಮದಡಿ ಸುಮಾರು 350 ಕೋಟಿ ಯುವಾನ್ ಸಾಲ ಹೋಗಿತ್ತು. ಸಿಮೆಂಟ್, ಉಕ್ಕು, ರಾಸಾಯನಿಕ ಕಾರ್ಖಾನೆಗಳು ಚಿಮಣಿಯಿಂದ ಹೊರಗೆ ಹೋಗುತ್ತಿದ್ದ ಶಾಖದಿಂದ ವಿದ್ಯುತ್ ತಯಾರಿಸುವ ಯಂತ್ರಗಳನ್ನು ಹಾಕಿಸಿದವು. ಓದುವಾಗ ನನಗೆ ನಮ್ಮ ಫಿಲೇಚರ್ ಚಿಮಣಿಯೇ ಕಣ್ಣ ಮುಂದೆ ಬಂತು, ಕೆಲಸ ಅದೇ, ಗಾತ್ರ ಮಾತ್ರ ಬೇರೆ. ಬ್ಯಾಂಕ್ ಆಫ್ ಬೀಜಿಂಗ್, ಶಾಂಘೈ ಪುಡೊಂಗ್ ಡೆವಲಪ್‌ಮೆಂಟ್ ಬ್ಯಾಂಕ್ ಕೂಡ ನಂತರ ಸೇರಿಕೊಂಡವು.

ಆದರೆ ಗಾತ್ರವೇ ಇಲ್ಲಿ ಮುಖ್ಯ ವಿಷಯ. ಮೊದಲ ಯೋಜನೆಯ ಪ್ರಕಾರ ಗ್ಯಾಸ್ ಮತ್ತು ವಿದ್ಯುತ್ ಕಂಪನಿಗಳು ತಮ್ಮ ಗ್ರಾಹಕರನ್ನು ಬ್ಯಾಂಕಿಗೆ ಕರೆತರಬೇಕಿತ್ತು. ಅದು ಅಂದುಕೊಂಡಂತೆ ನಡೆಯಲಿಲ್ಲ. ಬ್ಯಾಂಕುಗಳು ತಮಗೆ ಮೊದಲೇ ಪರಿಚಯವಿದ್ದ, ಆಸ್ತಿ ಇದ್ದ ದೊಡ್ಡ ಕಾರ್ಖಾನೆಗಳ ಕಡೆಗೇ ಹೆಚ್ಚಾಗಿ ಹೋದವು. ವಿಶ್ವ ಬ್ಯಾಂಕ್ ಸಮೂಹದ ಸ್ವತಂತ್ರ ಮೌಲ್ಯಮಾಪನ ವಿಭಾಗ 2010ರಲ್ಲಿ ಈ ಕಾರ್ಯಕ್ರಮವನ್ನು ಪರಿಶೀಲಿಸಿ ವರದಿ ಪ್ರಕಟಿಸಿತು. ಖಾತರಿಯ ಜೊತೆಗೆ ಬ್ಯಾಂಕ್ ಸಿಬ್ಬಂದಿಗೆ ಕೊಟ್ಟ ತಾಂತ್ರಿಕ ನೆರವೂ ತರಬೇತಿಯೂ ಬಹಳ ಕೆಲಸ ಮಾಡಿದ್ದವು. ನನಗೆ ಇದರಿಂದ ತಿಳಿದದ್ದು ಇಷ್ಟು: ಖಾತರಿಯಿಂದ ಬ್ಯಾಂಕಿನ ಭಯ ಕಡಿಮೆಯಾಗುತ್ತದೆ, ಆದರೆ ಧೈರ್ಯ ಬಂದ ಬ್ಯಾಂಕು ಯಾರ ಬಾಗಿಲಿಗೆ ಹೋಗುತ್ತದೆ ಎಂಬುದನ್ನು ಖಾತರಿ ತಾನಾಗಿ ನಿರ್ಧರಿಸುವುದಿಲ್ಲ. ದೊಡ್ಡವರಿಗೆ ಖಾತರಿ ಇಲ್ಲದೆಯೂ ಸಾಲ ಸಿಗುತ್ತಿತ್ತೇನೋ. ಸಿಗದಿದ್ದವರಿಗೆ ಸಿಕ್ಕಿತೇ ಎಂದು ಕೇಳಬೇಕು.

ನಮ್ಮ ದೇಶದಲ್ಲೂ ಈ ಪ್ರಯತ್ನ ನಡೆದಿದೆ. ಫ್ರಿಜ್, ಫ್ಯಾನುಗಳ ಮೇಲೆ ನಕ್ಷತ್ರದ ಚೀಟಿ ಅಂಟಿಸುವ ಬಿಇಇ ಸಂಸ್ಥೆ ನಮಗೆಲ್ಲ ಗೊತ್ತು. ಅದರ ಕೈಯಲ್ಲೇ ಇಂಧನ ದಕ್ಷತೆಗಾಗಿ ಭಾಗಶಃ ನಷ್ಟ ಖಾತರಿ ನಿಧಿಯೊಂದಿದೆ. ನಿಯಮದ ಪ್ರಕಾರ ಸಾಲದ ಶೇ. 50 ಅಥವಾ 10 ಕೋಟಿ ರೂಪಾಯಿ, ಯಾವುದು ಕಡಿಮೆಯೋ ಅಷ್ಟಕ್ಕೆ ಖಾತರಿ. ಸರ್ಕಾರಿ ಮತ್ತು ಖಾಸಗಿ ಕಟ್ಟಡ, ನಗರಸಭೆ, ಸಣ್ಣ ಮತ್ತು ಮಧ್ಯಮ ಉದ್ಯಮ, ಕಾರ್ಖಾನೆಗಳಿಗೆ ಅನ್ವಯ. 2015ರಲ್ಲಿ ವಿಶ್ವ ಬ್ಯಾಂಕ್ ನೆರವಿನಿಂದ ಮತ್ತೊಂದು ವ್ಯವಸ್ಥೆ ಬಂತು. ಒಟ್ಟು 4.3 ಕೋಟಿ ಡಾಲರ್, ಅದರಲ್ಲಿ 3.7 ಕೋಟಿ ಡಾಲರ್ ಖಾತರಿಗಾಗಿ, ಉಳಿದದ್ದು ತಾಂತ್ರಿಕ ನೆರವಿಗೆ. ನಡೆಸುವ ಜವಾಬ್ದಾರಿ ಸಿಡ್ಬಿ, ಅಂದರೆ ಭಾರತೀಯ ಸಣ್ಣ ಕೈಗಾರಿಕಾ ಅಭಿವೃದ್ಧಿ ಬ್ಯಾಂಕಿನದು. ಖಾತರಿ ಶೇ. 75ರವರೆಗೆ.

ಈ ಎರಡೂ ಮುಖ್ಯವಾಗಿ ಎಸ್ಕೋ ಎಂಬ ಕಂಪನಿಗಳನ್ನು ಗಮನದಲ್ಲಿಟ್ಟುಕೊಂಡು ಮಾಡಿದವು. ಎಸ್ಕೋ ಬಂದು ಕಾರ್ಖಾನೆಯನ್ನು ಅಳೆದು, ತಾನೇ ಹಣ ಹಾಕಿ ಅಥವಾ ಸಾಲ ತಂದು ಯಂತ್ರ ಕೂರಿಸಿ, ಮುಂದೆ ಉಳಿತಾಯದಲ್ಲಿ ಪಾಲು ತೆಗೆದುಕೊಳ್ಳುತ್ತದೆ. ಒಳ್ಳೆಯ ಉಪಾಯವೇ. ಆದರೆ ಇಂಥ ಕಂಪನಿ ಒಂದು ದೊಡ್ಡ ಆಸ್ಪತ್ರೆಗೋ ಹೋಟೆಲಿಗೋ ಬರಬಹುದು. ಬಿಸ್ಕತ್ ಡಬ್ಬಿಯಲ್ಲಿ ಚೀಟಿ ಇಟ್ಟುಕೊಂಡ ಫಿಲೇಚರ್‌ಗೆ ಒಂಟಿಯಾಗಿ ಬರುವುದು ಕಷ್ಟ, ಅದಕ್ಕೆ ಬಸ್ ಚಾರ್ಜೂ ಗಿಟ್ಟುವುದಿಲ್ಲ. ಐವತ್ತು ರೀಲರ್‌ಗಳು ಸೇರಿ ಒಟ್ಟಿಗೆ ಕರೆದರೆ ಬೇರೆ ಮಾತು. ಚೀನಾದಲ್ಲಿ ಸಾಲಗಳನ್ನು ಗುಂಪಾಗಿ ನೋಡಿದರಲ್ಲ, ಹಾಗೆ ಸಾಲಗಾರರನ್ನೂ ಗುಂಪಾಗಿ ನೋಡಿದರೆ ಅಳತೆಯ ಖರ್ಚು ಹಂಚಿಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಅಬ್ಬಾರಂಥವರಿಗೆ ಹತ್ತಿರದ ದಾರಿ ಇನ್ನೊಂದಿದೆ, ಅದು ಇಂಧನಕ್ಕೆಂದು ಹುಟ್ಟಿದ್ದಲ್ಲ. ಕೇಂದ್ರ ಸರ್ಕಾರ ಮತ್ತು ಸಿಡ್ಬಿ ಸೇರಿ 2000ದಲ್ಲಿ ಸ್ಥಾಪಿಸಿದ ಸಿಜಿಟಿಎಂಎಸ್‌ಇ ಎಂಬ ಖಾತರಿ ಟ್ರಸ್ಟ್. ಸಣ್ಣ ಉದ್ಯಮಗಳಿಗೆ ಅಡಮಾನವಿಲ್ಲದೆ, ಮೂರನೆಯವರ ಜಾಮೀನಿಲ್ಲದೆ ಬ್ಯಾಂಕು ಕೊಟ್ಟ ಸಾಲದ ದೊಡ್ಡ ಭಾಗಕ್ಕೆ, ಸಾಮಾನ್ಯವಾಗಿ ಶೇ. 75ರಿಂದ 85ರವರೆಗೆ, ಅದು ಹೊಣೆ ಹೊರುತ್ತದೆ. ಸೌದೆ ಉಳಿಸುವ ಯಂತ್ರವೂ ಯಂತ್ರವೇ, ಆದ್ದರಿಂದ ಅಂಥ ಸಾಲಕ್ಕೂ ಕೇಳಬಹುದು. ಇದಲ್ಲದೆ ಕಿರು ಮತ್ತು ಸಣ್ಣ ಉದ್ಯಮಗಳ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದು ಎಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಬ್ಯಾಂಕುಗಳಿಗೆ ಸೂಚಿಸಿತ್ತು.

ಇದನ್ನು ಓದಿದ ದಿನ ನನಗೆ ಕೋಪ ಬಂತು. 4,80,000 ಎಂದರೆ 10 ಲಕ್ಷದ ಅರ್ಧವೂ ಇಲ್ಲ, ಮತ್ತೆ ಮನೆ ಪತ್ರ ಏಕೆ ಕೇಳಿದರು? ಉಪನ್ಯಾಸಕರ ಬಳಿ ಹೋಗಿ ಕೇಳಿದೆ. ಅವರು, "ನಿಯಮ ಇದೆ ಎಂದು ಮಾತ್ರಕ್ಕೆ ಭಯ ಹೋಗುವುದಿಲ್ಲ. ಖಾತರಿಯ ಹಣ ಕೇಳಲು ಬ್ಯಾಂಕಿನ ಕಾಗದಪತ್ರ ಸರಿ ಇರಬೇಕು, ಕಾಯಬೇಕು. ಮನೆ ಪತ್ರ ಇದ್ದರೆ ಸುಲಭ ಅಂತ ಅವರು ನೋಡುತ್ತಾರೆ. ನಿನ್ನ ತಂದೆ ಸಿಜಿಟಿಎಂಎಸ್‌ಇ ಅಂತ ಬಾಯಿಬಿಟ್ಟು ಕೇಳಿದ್ದರಾ?" ಎಂದರು. ಕೇಳಿರಲಿಲ್ಲ. ಅಬ್ಬಾಗೆ ಆ ಹೆಸರೇ ಗೊತ್ತಿರಲಿಲ್ಲ. ಉದ್ಯಮ್ ನೋಂದಣಿಯೂ ಆಗಿರಲಿಲ್ಲ. ಸೌದೆ ಎಷ್ಟು ಸುಡುತ್ತದೆ ಎಂಬ ಲೆಕ್ಕವೂ ಇರಲಿಲ್ಲ. ಖಾತರಿ ಟ್ರಸ್ಟ್ ಇದ್ದರೂ ಅರ್ಜಿ ಅಲ್ಲಿಗೆ ತಲುಪುವಂತಿರಲಿಲ್ಲ.

ಹಾಗಾಗಿ ಈಗ ನಾವು ಮಾಡುತ್ತಿರುವುದು ಇಷ್ಟು. ಉದ್ಯಮ್ ನೋಂದಣಿಯನ್ನು ನಾನೇ ಮೊಬೈಲಿನಲ್ಲಿ ಮಾಡಿದೆ, ಅದಕ್ಕೆ ಶುಲ್ಕವಿಲ್ಲ. ಬಾಯ್ಲರ್ ಪಕ್ಕದ ಗೋಡೆಗೆ ಒಂದು ನೋಟ್‌ಬುಕ್ ತೂಗುಹಾಕಿದ್ದೇವೆ. ಬೆಳಗ್ಗೆ ಎಷ್ಟು ಸೌದೆ ತೂಕ ಮಾಡಿದೆವು, ಎಷ್ಟು ಗೂಡು ಬೆಂದಿತು, ಎಷ್ಟು ನೂಲು ಬಂತು ಎಂದು ಮೂರು ಕಾಲಂ. ಮೊದಲ ವಾರ ಅಬ್ಬಾ ಬರೆಯಲು ಮರೆಯುತ್ತಿದ್ದರು, ಈಗ ನಾನು ಮರೆತರೆ ಅವರೇ ಕೇಳುತ್ತಾರೆ. ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಸೌದೆ ಎಂಬ ಅಂಕಿ ಮೊದಲ ಸಲ ನಮ್ಮ ಮನೆಯಲ್ಲಿ ಇದೆ. ಮೂರು ತಿಂಗಳು ತುಂಬಿದ ಮೇಲೆ ಆ ಪುಸ್ತಕ, ಯಂತ್ರದವರ ಕೊಟೇಶನ್ ಮತ್ತು ಈ ಲೇಖನದ ಲೆಕ್ಕವನ್ನು ಹಿಡಿದು ಅಬ್ಬಾ ಮತ್ತೆ ಬ್ಯಾಂಕಿಗೆ ಹೋಗುತ್ತಾರೆ.

ದಾದಿಗೆ ಹೇಳಿದೆ, ಈ ಸಲ ಜಾಮೀನಿಗೆ ಯಾರ ಸಹಿಯೂ ಬೇಡ, ಒಂದು ಟ್ರಸ್ಟ್ ನಿಲ್ಲುತ್ತದೆ ಎಂದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರ ಮನೆಯಲ್ಲಿ ಹಿರಿಯರು ಒಪ್ಪಿದ್ದಾರಾ?" ಎಂದರು.